ಅಟ್ಟದ ಮೇಲಿನ ಅಳಿಲು

ಅಳಿಲಿನ ಮೇಲೆ ನಮ್ಮ ಜನಕ್ಕಿರುವ ಪ್ರೀತಿ ಇಲಿಯ ಮೇಲೆ ಇಲ್ಲ. ಎರಡೂ ದಂಶಕ ಗಣಕ್ಕೆ ಸೇರಿದ ಪ್ರಾಣಿಗಳು. ಎರಡರ ಬಾಚಿಹಲ್ಲುಗಳೂ ಒಂದೇ ಬಗೆಯವು. ಕಾಳುಕಡ್ಡಿ ಸಿಕ್ಕಿದರೆ ಎರಡೂ ಬಿಡುವುದಿಲ್ಲ. ಆದರೂ ಇಲಿಗೆ ಬೋನನ್ನೊಡ್ಡುವ ಕೈಯೇ ಅಳಿಲಿಗೆ ಒಂದು ಹಿಡಿ ಅಕ್ಕಿಯನ್ನು ಎರಚುತ್ತದೆ. ಸೇತುಬಂಧದ ಕಾಲದಲ್ಲಿ ಮರಳಿನಲ್ಲಿ ಹೊರಳಾಡಿ, ಮೈಗಂಟಿದ ಕಣಗಳನ್ನು ಸೇತುವೆಯ ಮೇಲೆ ಕೊಡವಿದ ಅಳಿಲಿನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡನಾಡಿನಲ್ಲಿ ವಿರಳ. ಬೆನ್ನಿನ ಮೂರು ಗೀರುಗಳು ಶ್ರೀರಾಮನ ಬೆರಳ ಗುರುತುಗಳೆಂದು ಹೇಳಿಕೊಟ್ಟ ಅಜ್ಜಿಯರು ಅಳಿಲಿಗೆ ಕಲ್ಲೆಸೆಯಲು ಮಕ್ಕಳನ್ನು ಬಿಡುತ್ತಿರಲಿಲ್ಲ.

ಈ ಸದ್ಭಾವನೆ ಅಳಿಲು ಅಂಗಳದಲ್ಲಿರುವಷ್ಟು ಕಾಲ ಉಳಿಯುತ್ತದೆ. ಅದು ಅಟ್ಟಕ್ಕೆ ಏರಿದೊಡನೆ ಕರಗತೊಡಗುತ್ತದೆ. ಬೆಳಕು ಹರಿಯುವ ಮೊದಲೇ ತಲೆಯ ಮೇಲೆ ಪರಪರ ಸದ್ದು ಕೇಳಬರುತ್ತದೆ. ಸೂರಿನ ಸಂದಿನಿಂದ ನಾರು ಉದುರುತ್ತದೆ. ಸುತ್ತಿಟ್ಟ ಹಾಸಿಗೆಯ ಹತ್ತಿ ಹೊರಬಂದಿರುತ್ತದೆ. ಹಳೆಯ ಪುಸ್ತಕಗಳ ರಟ್ಟು ಚೂರುಚೂರಾಗಿರುತ್ತದೆ. ಕಡೆಗೆ ಒಂದು ದಿನ ಒಂದು ಕೋಣೆಯ ದೀಪವೇ ಉರಿಯುವುದಿಲ್ಲ. ಆಗ ಮನೆಯವರು ಏಣಿಯಿಟ್ಟು ಹತ್ತಿ, ಅಳಿಲು ನುಗ್ಗುವ ಕಂಡಿಯನ್ನು ಹುಡುಕಿ, ಅದು ಹೊರಗೆ ಹೋದ ವೇಳೆಯನ್ನು ನೋಡಿಕೊಂಡು ಗಾರೆಯಿಂದ ಮುಚ್ಚಿಬಿಡುತ್ತಾರೆ. ಕೆಲಸ ಮುಗಿಯಿತೆಂದು ಅವರ ಭಾವನೆ. ಅನೇಕ ವೇಳೆ ನಿಜವಾದ ತೊಂದರೆ ಮೊದಲಾಗುವುದು ಈ ಗಳಿಗೆಯಿಂದಲೇ. ಹೀಗೇಕಾಗುತ್ತದೆ, ಆಗದಂತೆ ನೋಡಿಕೊಳ್ಳುವ ಬಗೆ ಯಾವುದು ಎಂಬುದನ್ನು ಅಳಿಲಿನ ಜೀವನಕ್ರಮದ ಮೂಲಕ ತಿಳಿಯುವುದು ಈ ಲೇಖನದ ಉದ್ದೇಶ.

ಅತಿಥಿ ಯಾರು?

ನಮ್ಮ ಮನೆಗಳ ಸುತ್ತಮುತ್ತ ಸಾಮಾನ್ಯವಾಗಿ ಕಾಣಬರುವುದು ಮೂರು ಪಟ್ಟೆಯ ಅಳಿಲು. ಉತ್ತರ ಕರ್ನಾಟಕದ ಕಡೆ ಇದನ್ನೇ ಇಣಚಿ ಎನ್ನುವರು. ಸ್ವೀಡನ್ನಿನ ಲಿನೇಯಸ್ ೧೭೬೬ರಲ್ಲಿ ಇದನ್ನು ವರ್ಣಿಸಿದನು. ಇಂದು ಇದರ ಶಾಸ್ತ್ರೀಯ ನಾಮ ಫ್ಯುನಾಂಬ್ಯುಲಸ್ ಪಾಮರಮ್. ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಹಗ್ಗದ ಮೇಲೆ ನಡೆಯುವವನು' ಎಂದರ್ಥ. ಬೀದಿಯ ತಂತಿಯ ಮೇಲೆ ಬಾಲವನ್ನು ಅತ್ತಿತ್ತ ತೂಗುತ್ತ ಓಡುವ ಅಳಿಲನ್ನು ಕಂಡವರು ಈ ದೊಂಬರ ಬಿರುದು ಸಾರ್ಥಕವೆಂದು ಒಪ್ಪಿಯಾರು. ವಿಂಧ್ಯದಿಂದ ದಕ್ಷಿಣಕ್ಕೂ ಸಿಂಹಳದಲ್ಲಿಯೂ ಇದರ ನೆಲೆ. ಉತ್ತರ ಭಾರತದಲ್ಲಿ ಇದರ ದಾಯಾದಿಯಾದ ಐದು ಪಟ್ಟೆಯ ಅಳಿಲು ಹೆಚ್ಚು. ಪಶ್ಚಿಮ ಘಟ್ಟದ ತಪ್ಪಲಿನ ಮನೆಗಳಿಗೂ ತೋಟಗಳಿಗೂ ಬರುವುದು ಮೂರು ಪಟ್ಟೆಯದೇ ಆದ ಇನ್ನೊಂದು ಜಾತಿ, ಕಾಡಳಿಲು. ಬೃಹದಾಕಾರದ ಕೆಂಚಳಿಲು ಮಾತ್ರ ದಟ್ಟ ಕಾಡಿನ ಮರಗಳ ತುದಿಯನ್ನು ಬಿಟ್ಟು ಮನೆಗಳ ಕಡೆಗೆ ಬರುವುದು ಅಪರೂಪ.

ಮನೆಯ ಅಳಿಲಿನ ತೂಕ ನೂರು ಗ್ರಾಮಿನ ಆಸುಪಾಸು. ದೇಹದ ಉದ್ದ ಒಂದು ಗೇಣಿಗಿಂತ ಕಡಮೆ. ಬೆನ್ನಿನ ಕೂದಲನ್ನೂ ಬಾಲದ ಜೂಲನ್ನೂ ಬಿಟ್ಟು ನೋಡಿದರೆ ಒಳಗಿರುವ ಒಡಲು ಬಹಳ ಸಣ್ಣದು. ಎರಡು ಬೆರಳು ಹಿಡಿಸುವ ಸಂದು ಅದಕ್ಕೆ ಹೆಬ್ಬಾಗಿಲು. ಇದರ ಹಿಂಗಾಲಿನ ಹರಡು ಹಿಂದುಮುಂದಾಗಿ ತಿರುಗಬಲ್ಲುದು. ಆದುದರಿಂದಲೇ ನೆಟ್ಟನೆಯ ಗೋಡೆಯ ಮೇಲಿಂದಲೂ ತಲೆಕೆಳಗಾಗಿ ಉಗುರೂರಿ ಇಳಿಯಬಲ್ಲುದು. ಬೆಕ್ಕಿಗೆ ಈ ಅನುಕೂಲವಿಲ್ಲ. ಮರ ಹತ್ತಿದ ಬೆಕ್ಕು ಇಳಿಯುವಾಗ ಪಡುವ ಪಾಡನ್ನು ನೋಡಿದರೆ ವ್ಯತ್ಯಾಸ ಅರಿವಾಗುತ್ತದೆ.

ಅಟ್ಟದಲ್ಲಿ ಸದ್ದಾದ ಮಾತ್ರಕ್ಕೆ ಅದು ಅಳಿಲೆಂದು ನಿರ್ಧರಿಸಬಾರದು. ಇಲ್ಲಿ ಗಡಿಯಾರವೇ ನಮಗೆ ಸಾಕ್ಷಿ. ಅಳಿಲು ಹಗಲಿನ ಪ್ರಾಣಿ. ಬೆಳಗಿನಲ್ಲಿ ಹೊರಟು, ಸುಡುಬಿಸಿಲಿನಲ್ಲಿ ಕೊಂಚ ವಿರಮಿಸಿ, ಸಂಜೆ ಮತ್ತೆ ತಿರುಗಾಡಿ, ಕತ್ತಲೆಗೆ ಮೊದಲೇ ಗೂಡು ಸೇರುತ್ತದೆ. ನಡುರಾತ್ರಿಯಲ್ಲಿ ಸಣ್ಣಗೆ ಪರಚುವ ಸದ್ದು ಕೇಳಿದರೆ ಇಲಿಯನ್ನು ಸಂಶಯಿಸಬೇಕು. ಯಾರೋ ನಡೆದಾಡಿದಂತೆ ಭಾರವಾದ ಹೆಜ್ಜೆ ಕೇಳಿದರೆ ಅದು ಪುನುಗುಬೆಕ್ಕಿನ ಜಾತಿಯದಿರಬಹುದು. ತೆಂಗಿನ ನಾರು, ಹುಲ್ಲು, ಬಟ್ಟೆಯ ಎಳೆ, ಹತ್ತಿ ಇವೆಲ್ಲ ಒಂದು ಮೂಲೆಯಲ್ಲಿ ಉಂಡೆಗಟ್ಟಿದ್ದರೆ, ಹತ್ತಿರದಲ್ಲಿ ಹಗಲು 'ಚಿಪ್ ಚಿಪ್' ಎಂದು ಬಿಡದೆ ಕೂಗುವ ದನಿಯೂ ಇದ್ದರೆ, ಅತಿಥಿ ಅಳಿಲೆಂಬುದರಲ್ಲಿ ಸಂಶಯವಿಲ್ಲ.

ಅಟ್ಟವೇ ಏಕೆ?

ಮರದ ಪೊಟರೆ, ತೆಂಗಿನ ಸುಳಿಯ ಬುಡ, ಕವಲೊಡೆದ ಕೊಂಬೆ ಇವು ಅಳಿಲಿನ ಹಳೆಯ ನೆಲೆಗಳು. ಗೂಡಿಗೆ ಬೇಕಾದುದು ಮೂರು: ಮಳೆ ತಾಗದಿರಬೇಕು, ಶತ್ರುವಿಗೆ ಎಟುಕದಿರಬೇಕು, ಹೋಗಿಬರಲು ಇಕ್ಕಟ್ಟಾದ ದಾರಿಯಿರಬೇಕು. ಹೆಂಚಿನ ಮನೆಯ ಅಟ್ಟದಲ್ಲಿ ಈ ಮೂರೂ ಒಟ್ಟಿಗೆ ದೊರೆಯುತ್ತವೆ.

ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದಕ್ಕೊಂದು ಕೊಂಡಿಯಂತೆ ಸೇರಿಕೊಳ್ಳುವ ಆ ಕೆಂಪು ಹೆಂಚು ಕರಾವಳಿಯಿಂದ ಮಲೆನಾಡಿಗೂ ಬಯಲುಸೀಮೆಗೂ ಹರಡಿತು. ಈ ಮಾಡಿನಲ್ಲಿ ಹೆಂಚುಗಳನ್ನು ಗಾರೆಯಿಂದ ಬಂಧಿಸುವುದಿಲ್ಲ. ರೀಪುಗಳ ಮೇಲೆ ಸಾಲಾಗಿ ಜೋಡಿಸುತ್ತಾರೆ. ಸಂದುಗಳಲ್ಲಿ ಗಾಳಿಯಾಡುವುದರಿಂದ ಮನೆ ತಂಪಾಗಿರುತ್ತದೆ. ಅದೇ ಸಂದಿನಲ್ಲಿ, ಒಂದು ಹೆಂಚು ಸರಿದರೆ ಸಾಕು, ಅಳಿಲು ನುಸುಳುತ್ತದೆ. ಸೂರಿನಂಚಿನಲ್ಲಿ ಗೋಡೆಗೂ ಮಾಡಿಗೂ ನಡುವೆ ಉಳಿಯುವ ತೆರವು ಇನ್ನೂ ಅನುಕೂಲವಾದ ದಾರಿ. ಒಳಗೆ ಅಡಕೆ, ಕೊಬ್ಬರಿ, ಕಡಲೆಕಾಯಿಗಳ ಮೂಟೆಗಳಿದ್ದರಂತೂ ವಸತಿಯೊಡನೆ ಊಟವೂ ಒದಗಿದಂತಾಯಿತು. ಹಳೆಯ ಹಾಸಿಗೆ, ಗೋಣಿತಾಟು, ಕಾಗದದ ಕಟ್ಟುಗಳು ಗೂಡಿಗೆ ಸಾಮಗ್ರಿಯಾಗುತ್ತವೆ.

ಕಾಂಕ್ರೀಟಿನ ಮನೆಗಳು ಇದರಿಂದ ಪಾರಾಗಿವೆ ಎಂದು ತಿಳಿಯಬಾರದು. ಹವಾನಿಯಂತ್ರಣ ಯಂತ್ರದ ಕೊಳವೆಗಾಗಿ ಗೋಡೆಯಲ್ಲಿ ಕೊರೆದ ರಂಧ್ರ, ಹೊಗೆ ಹೊರದೂಡುವ ಫ್ಯಾನಿನ ಗೂಡು, ಕೃತಕ ಚಾವಣಿಯ ಮೇಲಿನ ತೆರವು, ಮಾಳಿಗೆಯ ಸಾಮಾನು ಕೋಣೆ ಇವೆಲ್ಲವೂ ಅಳಿಲಿನ ದೃಷ್ಟಿಯಲ್ಲಿ ಪೊಟರೆಗಳೇ. ಪರಿಸರಕ್ಕೆ ಒಗ್ಗಿಕೊಳ್ಳುವ ಇವುಗಳ ಸಾಮರ್ಥ್ಯ ಅಸಾಧಾರಣವಾದುದು. ೧೮೯೮ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೃಗಾಲಯದಿಂದ ಹೊರಬಿದ್ದ ಭಾರತದ ಐದು ಪಟ್ಟೆಯ ಅಳಿಲುಗಳು ಆ ಪರದೇಶದ ಊರಿನಲ್ಲಿಯೇ ನೆಲೆಯೂರಿ ಸಂತತಿಯನ್ನು ಬೆಳೆಸಿದವು. ಅಂತಹ ಪ್ರಾಣಿಗೆ ನಮ್ಮ ಅಟ್ಟವೊಂದು ಪರಕೀಯ ಸ್ಥಳವೆ?

ಬೆಳೆಯುತ್ತಲೇ ಇರುವ ಹಲ್ಲು

ಅಳಿಲು ವಸ್ತುಗಳನ್ನು ಕಡಿಯುವುದು ಹಸಿವಿನಿಂದಲೇ ಎಂದು ಅನೇಕರು ತಿಳಿದಿದ್ದಾರೆ. ಹಾಗಾದರೆ ಸೀಸದ ಕೊಳವೆಯನ್ನೂ ಪ್ಲಾಸ್ಟಿಕ್ಕಿನ ತಂತಿಯನ್ನೂ ಅದು ಏಕೆ ಕಡಿಯಬೇಕು? ಉತ್ತರ ಅದರ ಹಲ್ಲಿನ ರಚನೆಯಲ್ಲಿದೆ.

ಎಲ್ಲ ದಂಶಕಗಳಂತೆ ಅಳಿಲಿಗೂ ಬಾಯ ಮುಂಭಾಗದಲ್ಲಿ ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲುಗಳಿವೆ. ನಮ್ಮ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ. ಅಳಿಲಿನ ಬಾಚಿಹಲ್ಲಿಗೆ ನಿಲುಗಡೆಯಿಲ್ಲ. ಬುಡದಲ್ಲಿ ಹೊಸ ದ್ರವ್ಯ ಕೂಡುತ್ತಲೇ ಇರುವುದರಿಂದ ಜೀವವಿರುವವರೆಗೂ ಅದು ಬೆಳೆಯುತ್ತದೆ. ತುದಿಯಲ್ಲಿ ಅಷ್ಟೇ ಸವೆಯದಿದ್ದರೆ ಹಲ್ಲುಗಳು ಕೋರೆಯಂತೆ ಬಾಗಿ, ಬಾಯಿ ಮುಚ್ಚಲಾಗದೆ, ಪ್ರಾಣಿ ಉಪವಾಸದಿಂದ ಸಾಯಬೇಕಾದೀತು. ಈ ಹಲ್ಲಿನ ಮುಂಭಾಗಕ್ಕೆ ಮಾತ್ರ ಎನಾಮಲ್ ಎಂಬ ಗಟ್ಟಿ ಲೇಪವಿದೆ. ಹಿಂಭಾಗ ಅದಕ್ಕಿಂತ ಮೆದುವಾದ ಡೆಂಟೀನಿನದು. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು, ಮುಂದಿನ ಅಂಚು ಬಡಗಿಯ ಉಳಿಯಂತೆ ಹರಿತವಾಗಿ ನಿಲ್ಲುತ್ತದೆ. ಉಪಯೋಗಿಸಿದಷ್ಟೂ ಮಸೆಗೊಳ್ಳುವ ಆಯುಧವಿದು.

ಈ ಉಳಿಗೆ ತೆಂಗಿನ ಸಿಪ್ಪೆ, ಕೋಕೋ ಕಾಯಿ, ಮರದ ರೀಪು, ಪ್ಲಾಸ್ಟಿಕ್ ಕೊಳವೆ ಎಂಬ ಭೇದವಿಲ್ಲ. ಇವುಗಳಲ್ಲಿ ಮನೆಗೆ ನಿಜವಾದ ಅಪಾಯ ತರುವುದು ವಿದ್ಯುತ್ ತಂತಿ. ತಾಮ್ರದ ತಂತಿಯ ಮೇಲಿರುವ ನಿರೋಧಕ ಹೊದಿಕೆಯನ್ನು ಅಳಿಲು ಸುಲಿದರೆ ತಂತಿ ಬತ್ತಲೆಯಾಗುತ್ತದೆ. ಎರಡು ಬತ್ತಲೆ ತಂತಿಗಳು ಒಂದನ್ನೊಂದು ತಾಗಿದರೆ ಮಿತಿಮೀರಿದ ಪ್ರವಾಹ ಹರಿದು, ತಂತಿ ಕಾದು, ಕಿಡಿ ಹಾರುತ್ತದೆ. ಪಕ್ಕದಲ್ಲಿಯೇ ಒಣನಾರು, ಹತ್ತಿ, ಕಾಗದಗಳಿಂದ ಕಟ್ಟಿದ ಗೂಡು! ಬೆಂಕಿಗೆ ಇದಕ್ಕಿಂತ ಒಳ್ಳೆಯ ಸೌದೆ ಬೇರೆ ಬೇಕೆ? ಅಟ್ಟದ ಅಳಿಲನ್ನು ಅಸಡ್ಡೆ ಮಾಡಬಾರದೆನ್ನಲು ಮುಖ್ಯ ಕಾರಣ ಇದು.

ವಿದ್ಯುತ್ತಿಗೂ ಅಳಿಲಿಗೂ ನಡುವಣ ಈ ವೈರ ಮನೆಗಳಿಗೆ ಮಾತ್ರ ಸೀಮಿತವಾಗಿಲ್ಲ. ೧೯೮೭ರ ಡಿಸೆಂಬರಿನಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಒಂದು ಅಳಿಲಿನ ಚೇಷ್ಟೆಯಿಂದ ನಾಸ್‌ಡಾಕ್ ಷೇರುಪೇಟೆಯ ಗಣಕಯಂತ್ರಗಳಿಗೆ ವಿದ್ಯುತ್ತು ತಪ್ಪಿ, ಒಂದು ಗಂಟೆಗೂ ಹೆಚ್ಚು ಕಾಲ ವ್ಯವಹಾರ ಸ್ಥಗಿತವಾಯಿತು. ೧೯೯೪ರ ಆಗಸ್ಟಿನಲ್ಲಿ ಮತ್ತೊಂದು ಅಳಿಲಿನಿಂದ ಅದೇ ಷೇರುಪೇಟೆ ಮತ್ತೊಮ್ಮೆ ನಿಂತಿತು.

ತಾಯಿಯ ಲೆಕ್ಕಾಚಾರ

ಅಟ್ಟದಲ್ಲಿ ಗೂಡು ಕಟ್ಟಿದ ಅಳಿಲು ಬಹುಮಟ್ಟಿಗೆ ತಾಯಿಯಾಗಲಿರುವ, ಇಲ್ಲವೆ ಆಗಲೇ ತಾಯಿಯಾಗಿರುವ ಹೆಣ್ಣು. ಗರ್ಭಧಾರಣೆಯ ಕಾಲ ಸುಮಾರು ಐದಾರು ವಾರಗಳು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮರಿಗಳು. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ತುಪ್ಪುಳವಿಲ್ಲ, ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಇಲ್ಲ. ಗೂಡಿನ ನಾರು, ಹತ್ತಿಗಳ ಎಳೆಗಳ ನಡುವೆ ಅಲುಗದ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗದ ಗಾಳಿ ಉಷ್ಣವನ್ನು ಬಹಳ ನಿಧಾನವಾಗಿ ಹಾಯಿಸುತ್ತದೆ. ನಮಗೆ ಕಂಬಳಿ ಬೆಚ್ಚಗಿರುವುದೂ ಇದೇ ಕಾರಣದಿಂದ. ಈ ಕಂಬಳಿಯೊಳಗೆ ತಾಯಿ ಆಗಾಗ ಬಂದು ಹಾಲೂಡುತ್ತದೆ. ಗಂಡಿಗೆ ಈ ಸಂಸಾರದ ಹೊಣೆಯಿಲ್ಲ. ಕಣ್ಣು ತೆರೆಯಲು ಕೆಲವು ವಾರಗಳು ಹಿಡಿಯುತ್ತವೆ. ಹಾಲು ಬಿಟ್ಟು ಸ್ವತಂತ್ರವಾಗುವ ವೇಳೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದಿರುತ್ತದೆ.

ಈಗ ಮೊದಲು ಹೇಳಿದ ಗಾರೆಯ ಪ್ರಸಂಗಕ್ಕೆ ಬರೋಣ. ತಾಯಿ ಮೇವಿಗೆ ಹೋದ ವೇಳೆಯಲ್ಲಿ ಮನೆಯವರು ಕಂಡಿಯನ್ನು ಮುಚ್ಚಿದರು. ಮರಿಗಳು ಒಳಗುಳಿದವು. ಹಿಂತಿರುಗಿದ ತಾಯಿ ಸುಮ್ಮನಿರುವುದಿಲ್ಲ. ಮುಚ್ಚಿದ ಕಡೆ ಪರಚಿ ನೋಡುತ್ತದೆ. ಆಗದಿದ್ದರೆ ಸೂರಿನುದ್ದಕ್ಕೂ ಓಡಾಡಿ ಮೆದುವಾದ ರೀಪನ್ನೋ ಹಲಗೆಯನ್ನೋ ಆರಿಸಿಕೊಂಡು ಕಡಿಯತೊಡಗುತ್ತದೆ. ಮೊದಲು ಇದ್ದುದು ಒಂದು ಕಂಡಿ, ಈಗ ಮೂರಾಗುತ್ತವೆ. ಒಳಹೋಗುವ ದಾರಿಯೇ ದೊರೆಯದಿದ್ದರೆ ಮರಿಗಳು ಹಸಿವಿನಿಂದಲೂ ಚಳಿಯಿಂದಲೂ ಸಾಯುತ್ತವೆ. ನಾಲ್ಕಾರು ದಿನಗಳ ಮೇಲೆ ದುರ್ಗಂಧ ಕೆಳಗಿಳಿಯುತ್ತದೆ. ನೊಣ, ಇರುವೆಗಳು ಮುತ್ತುತ್ತವೆ. ಜಂತೆಯ ಸಂದಿನಲ್ಲಿರುವ ಆ ಪುಟ್ಟ ಕಳೇಬರಗಳನ್ನು ತೆಗೆಯಲು ಹೆಂಚನ್ನೇ ಇಳಿಸಬೇಕಾಗುತ್ತದೆ. ಮೂಕಜೀವಿಗಳಿಗೆ ಮಾಡಿದ ಕ್ರೌರ್ಯದೊಡನೆ ಮನೆಗೆ ಆದ ನಷ್ಟವೂ ಸೇರಿತು.

ಆದುದರಿಂದ ಅಟ್ಟದ ಅಳಿಲಿನ ವಿಚಾರದಲ್ಲಿ ಮೊದಲ ಪ್ರಶ್ನೆ 'ಇದನ್ನು ಹೇಗೆ ಓಡಿಸುವುದು?' ಎಂಬುದಾಗಬಾರದು, 'ಒಳಗೆ ಮರಿಗಳಿವೆಯೆ?' ಎಂಬುದಾಗಬೇಕು.

ಈ ಸಮಸ್ಯೆ ಅಮೆರಿಕದ ಮರದ ಮನೆಗಳಲ್ಲಿಯೂ ಬಹಳ ಹಳೆಯದು. ಅಲ್ಲಿ ಅಟ್ಟಕ್ಕೇರುವುದು ನಮ್ಮದಕ್ಕಿಂತ ಎಷ್ಟೋ ದೊಡ್ಡದಾದ ಬೂದು ಅಳಿಲು. ಅದು ಹೆರುವುದು ಹೆಚ್ಚಾಗಿ ಚಳಿಗಾಲದ ಕೊನೆಯಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ. ಆದಕಾರಣ ಅಲ್ಲಿನವರು ಪಂಚಾಂಗವನ್ನು ನೋಡಿಯೇ ಕಂಡಿಯನ್ನು ಮುಚ್ಚುವ ಕಾಲವನ್ನು ಬಹುಮಟ್ಟಿಗೆ ನಿರ್ಧರಿಸಬಲ್ಲರು. ನಮ್ಮಲ್ಲಿ ಚಳಿ ಕಡಮೆ, ಆಹಾರ ಸಮೃದ್ಧಿ. ವರ್ಷದ ಹೆಚ್ಚು ಭಾಗ ಮರಿಗಳಿರಬಹುದು. ತಿಂಗಳನ್ನು ನಂಬಿ ಕಂಡಿ ಮುಚ್ಚುವ ಸೌಕರ್ಯ ನಮಗಿಲ್ಲ. ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಸಲ್ಲದ ಉಪಾಯಗಳು

ಪೇಟೆಯಲ್ಲಿ ದೊರೆಯುವ ಇಲಿಪಾಷಾಣವನ್ನು ಅಟ್ಟದಲ್ಲಿಡುವುದು ಮೊದಲನೆಯ ತಪ್ಪು. ಇಂತಹ ವಿಷಗಳಲ್ಲಿ ಒಂದು ವರ್ಗ ರಕ್ತ ಹೆಪ್ಪುಗಟ್ಟುವುದನ್ನು ತಡೆಯತಕ್ಕುದು. ೧೯೪೮ರಿಂದ ಇಲಿಗಳ ಮೇಲೆ ಬಳಕೆಗೆ ಬಂದ ವಾರ್ಫರಿನ್ ಈ ವರ್ಗದ್ದು. ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಯಕೃತ್ತು ತಯಾರಿಸಲು ಕೆ ಜೀವಸತ್ವ ಅವಶ್ಯಕ. ವಿಷವು ಆ ಜೀವಸತ್ವದ ಕಾರ್ಯಕ್ಕೆ ಅಡ್ಡಿಯಾಗುವುದರಿಂದ ಪ್ರಾಣಿ ಒಳಗೊಳಗೇ ರಕ್ತ ಸೋರಿ ಕೆಲವು ದಿನಗಳ ಮೇಲೆ ಸಾಯುತ್ತದೆ. ಆ ಕೆಲವು ದಿನಗಳಲ್ಲಿ ಅದು ಎಲ್ಲಿ ಹೋಗಿ ಬೀಳುವುದೋ ಹೇಳಲಾಗದು. ಗೂಡಿನ ಮೂಲೆಯಲ್ಲಿ ಸತ್ತರೆ ದುರ್ಗಂಧ. ಹೊರಗೆ ಸತ್ತರೆ ಅದನ್ನು ತಿಂದ ಬೆಕ್ಕು, ಗೂಬೆ, ಹದ್ದುಗಳಿಗೂ ವಿಷಪ್ರಾಶನ. ಇಲಿಗಳನ್ನು ಹಿಡಿದು ನಮಗೆ ಉಪಕಾರ ಮಾಡುವ ಗೂಬೆಯನ್ನೇ ಹೀಗೆ ಕೊಲ್ಲುವುದು ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿಯಿಟ್ಟಂತೆ.

ಬೋನಿನಲ್ಲಿ ಹಿಡಿದು ದೂರದ ತೋಪಿನಲ್ಲಿ ಬಿಟ್ಟುಬರುವುದು ದಯೆಯ ಮಾರ್ಗವೆಂದು ಅನೇಕರ ನಂಬಿಕೆ. ಇದನ್ನು ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಊರುಗಳಲ್ಲಿ ಹಿಡಿದ ೩೮ ಬೂದು ಅಳಿಲುಗಳನ್ನು ದೊಡ್ಡ ಕಾಡೊಂದರಲ್ಲಿ ಬಿಟ್ಟು ಅವುಗಳ ಗತಿಯನ್ನು ಹಿಂಬಾಲಿಸಿದ ಅಧ್ಯಯನ ೨೦೦೪ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ ೯೭ರಷ್ಟು ಮೂರು ತಿಂಗಳೊಳಗೆ ಸತ್ತವು, ಇಲ್ಲವೆ ಬಿಟ್ಟ ಸ್ಥಳದಿಂದ ಕಣ್ಮರೆಯಾದವು. ಅಪರಿಚಿತ ನೆಲದಲ್ಲಿ ಆಹಾರ ಎಲ್ಲಿದೆ, ಅಡಗುವ ಪೊಟರೆ ಯಾವುದು, ಶತ್ರು ಯಾವ ಕಡೆಯಿಂದ ಬರುವುದು ಎಂಬ ತಿಳಿವಳಿಕೆ ಅವಕ್ಕಿರಲಿಲ್ಲ. ಅಲ್ಲಿನ ಹಳೆಯ ಒಡೆಯರಾದ ಅಳಿಲುಗಳೂ ಹೊಸಬರನ್ನು ಸೇರಿಸುವುದಿಲ್ಲ. ಜಾತಿ ಬೇರೆಯಾದರೂ ಈ ಕಷ್ಟಗಳು ನಮ್ಮ ಅಳಿಲಿಗೂ ತಪ್ಪಿದ್ದಲ್ಲ. ಹಿಡಿದದ್ದು ತಾಯಿಯಾಗಿದ್ದರೆ ಅಟ್ಟದ ಮರಿಗಳ ಗತಿಯೂ ಮುಗಿದಂತೆ. ಇಷ್ಟಾದ ಮೇಲೂ ಕಂಡಿ ತೆರೆದೇ ಇರುತ್ತದೆ. ಮನೆ ಖಾಲಿಯಿದ್ದರೆ ಬಾಡಿಗೆದಾರರಿಗೆ ಬರಗಾಲವೆ? ಪಕ್ಕದ ಮಾವಿನ ಮರದಿಂದ ಇನ್ನೊಂದು ಅಳಿಲು ಬರುತ್ತದೆ.

ನುಸಿಗುಳಿಗೆಗಳನ್ನು ಎರಚುವುದೂ ನಿಷ್ಪ್ರಯೋಜಕ. ಗಾಳಿಯಾಡುವ ಹೆಂಚಿನ ಅಟ್ಟದಲ್ಲಿ ಅದರ ವಾಸನೆ ನಿಲ್ಲುವುದಿಲ್ಲ. ನಿಂತಷ್ಟೂ ಆ ನಾಫ್ತಲೀನಿನ ಆವಿ ಕೆಳಗೆ ಮಲಗುವವರಿಗೆ ಅಹಿತ. ಅಂಟುಹಲಗೆಯ ಮೇಲೆ ಸಿಕ್ಕಿದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ವಿವೇಕವುಳ್ಳವರು ಅದನ್ನು ಬಳಸಬಾರದು. ಪ್ರಾಣಿಗಳಿಗೆ ಅನವಶ್ಯಕವಾಗಿ ಯಾತನೆ ಕೊಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧವೆಂಬುದನ್ನೂ ನೆನಪಿಡಬೇಕು.

ಸಲ್ಲುವ ಕ್ರಮ

'ಹಾವೂ ಸಾಯಬೇಕು, ಕೋಲೂ ಮುರಿಯಬಾರದು' ಎಂಬುದು ಗಾದೆ. ನಮ್ಮ ಪ್ರಯತ್ನದಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಬೇಕಾದುದು ತಾಳ್ಮೆ ಮತ್ತು ಸರಿಯಾದ ಅನುಕ್ರಮ.

ಮೊದಲನೆಯದು ಪರಿಶೀಲನೆ. ಹಗಲು ಹೊತ್ತಿನಲ್ಲಿ, ಮನೆಯ ಮುಖ್ಯ ವಿದ್ಯುತ್ ಗುಂಡಿಯನ್ನು ಆರಿಸಿ, ಕೈದೀಪವನ್ನು ಹಿಡಿದು ಅಟ್ಟವನ್ನು ನೋಡಬೇಕು. ವಿದ್ಯಾರ್ಥಿಗಳು ಹಿರಿಯರ ಜೊತೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಅಟ್ಟದ ಒಳಗೆ ನಿಂತು ದೀಪವನ್ನು ಆರಿಸಿದರೆ ಹೊರಗಿನ ಬೆಳಕು ನುಗ್ಗುವ ಕಡೆಗಳೆಲ್ಲ ತಾವಾಗಿಯೇ ಗೋಚರವಾಗುತ್ತವೆ. ಅವುಗಳಲ್ಲಿ ಅಳಿಲು ಬಳಸುವುದು ಯಾವುದೆಂದು ತಿಳಿಯಲು ಪ್ರತಿಯೊಂದು ಸಂದಿಗೂ ಮುದ್ದೆಮಾಡಿದ ಕಾಗದವನ್ನು ಸಡಿಲವಾಗಿ ತುರುಕಬೇಕು. ಮರುದಿನ ಯಾವುದು ಹೊರಬಿದ್ದಿದೆಯೋ ಅದೇ ಹಾದಿ.

ಎರಡನೆಯದು ಮರಿಗಳ ಶೋಧ. ಗೂಡನ್ನು ಕೈಯಿಂದ ಕೆದಕಬಾರದು. ದೂರದಿಂದ ನೋಡಿ, ಕಿವಿಗೊಟ್ಟು ಕೇಳಬೇಕು. ಸಣ್ಣ ಕೀಚಲು ದನಿ, ಪದೇ ಪದೇ ಗೂಡಿಗೆ ಹಿಂತಿರುಗುವ ಅಳಿಲು ಇವು ಮರಿಗಳ ಸೂಚನೆ. ಮರಿಗಳಿದ್ದರೆ ಅತ್ಯುತ್ತಮ ಕ್ರಮ ಕಾಯುವುದು. ಅಷ್ಟರಲ್ಲಿ ಗೂಡಿನ ಬಳಿಯ ತಂತಿಗಳಿಗೆ ವಿದ್ಯುತ್ತನ್ನು ತಪ್ಪಿಸಿ, ಮೂಟೆಗಳನ್ನು ಕೆಳಗಿಳಿಸಿದರೆ ಹಾನಿ ಬಹಳಮಟ್ಟಿಗೆ ನಿಲ್ಲುತ್ತದೆ. ಎರಡು ತಿಂಗಳ ಸೈರಣೆ ಸಾಧ್ಯವೇ ಇಲ್ಲವೆಂದಾದರೆ ತಾಯಿಗೆ ಆ ಸ್ಥಳ ಬೇಸರವಾಗುವಂತೆ ಮಾಡಬಹುದು. ಹಗಲು ಅಟ್ಟದಲ್ಲಿ ಬೆಳಕನ್ನಿಡುವುದು, ರೇಡಿಯೋ ಹಾಡಿಸುವುದು, ಆಗಾಗ ಹತ್ತಿ ಇಳಿಯುವುದು ಇದಕ್ಕೆ ಸಾಕು. ಕತ್ತಲೆಯೂ ನಿಶ್ಶಬ್ದವೂ ಹೋದ ಮನೆ ಮರಿಗಳಿಗೆ ಕ್ಷೇಮವಲ್ಲವೆಂದು ಬಗೆದ ತಾಯಿ, ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದುಂಟು. ಇದಕ್ಕೆ ಕೆಲವು ದಿನಗಳ ಅವಕಾಶ ಕೊಡಬೇಕು. ಕಂಡಿ ತೆರೆದೇ ಇರಬೇಕು. ಮಳೆ ಹಿಡಿದ ದಿನಗಳಲ್ಲಿ ಈ ಪ್ರಯತ್ನ ಕೂಡದು.

ಮೂರನೆಯದು ಏಕಮುಖ ದ್ವಾರ. ಮರಿಗಳಿಲ್ಲವೆಂದು ಖಚಿತವಾದ ಮೇಲೆ, ಅಥವಾ ಮರಿಗಳು ಬೆಳೆದು ತಾವೇ ಓಡಾಡತೊಡಗಿದ ಮೇಲೆ, ಮುಖ್ಯ ಕಂಡಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಭದ್ರಪಡಿಸಬೇಕು. ಆ ಒಂದು ಕಂಡಿಗೆ ತಂತಿಬಲೆಯಿಂದ ಮಾಡಿದ ಒಂದು ಮೊಳದ ಕೊಳವೆಯನ್ನು ಹೊರಚಾಚುವಂತೆ ಕಟ್ಟಿ, ಅದರ ಹೊರತುದಿಗೆ ಮೇಲಿನಿಂದ ತೂಗುವ ಹಗುರವಾದ ತಗಡಿನ ಬಾಗಿಲನ್ನು ಜೋಡಿಸಬೇಕು. ಒಳಗಿನಿಂದ ಬರುವ ಅಳಿಲು ಮೂತಿಯಿಂದ ದೂಡಿದರೆ ಬಾಗಿಲು ತೆರೆಯುತ್ತದೆ. ಹೊರಗಿನಿಂದ ದೂಡಿದರೆ ಕೊಳವೆಯ ಅಂಚಿಗೆ ತಾಗಿ ನಿಲ್ಲುತ್ತದೆ. ಹೃದಯದ ಕವಾಟಗಳು ರಕ್ತವನ್ನು ಒಂದೇ ದಿಕ್ಕಿನಲ್ಲಿ ಬಿಡುವ ತತ್ತ್ವವೂ ಇದೇ ಎಂಬುದನ್ನು ಶರೀರಶಾಸ್ತ್ರವನ್ನು ಓದಿದವರು ಗುರುತಿಸಬಹುದು. ಎರಡು ಮೂರು ದಿನ ಅಟ್ಟ ನಿಶ್ಶಬ್ದವಾಗಿದ್ದರೆ ಎಲ್ಲರೂ ಹೊರಗೆ ಹೋದಂತಾಯಿತು. ಸಂಶಯವಿದ್ದರೆ ಕಾಗದದ ಮುದ್ದೆಯನ್ನು ಒಳಗಡೆಯಿಂದ ಮತ್ತೆ ಇಟ್ಟು ನೋಡಬಹುದು.

ನಾಲ್ಕನೆಯದು ಮುಚ್ಚುವಿಕೆ. ಮರದ ಚೂರು, ಬಟ್ಟೆ, ಥರ್ಮೋಕೋಲು ಇವು ಅಳಿಲಿನ ಹಲ್ಲಿಗೆ ಆಟದ ಸಾಮಾನುಗಳು. ಅರ್ಧ ಅಂಗುಲಕ್ಕಿಂತ ಹೆಚ್ಚಿಲ್ಲದ ಕಣ್ಣುಗಳುಳ್ಳ, ಸತುವು ಲೇಪಿಸಿದ ಗಟ್ಟಿ ತಂತಿಬಲೆಯನ್ನು ಸೂರಿನುದ್ದಕ್ಕೂ ಬಡಿದರೆ ಗಾಳಿಗೆ ತಡೆಯಿಲ್ಲ, ಅಳಿಲಿಗೆ ದಾರಿಯಿಲ್ಲ. ಒಡೆದ ಹೆಂಚುಗಳನ್ನು ಬದಲಾಯಿಸಬೇಕು; ನೆತ್ತಿಯ ಹೆಂಚುಗಳ ಸಂದನ್ನು ಗಾರೆಯಿಂದ ತುಂಬಬೇಕು. ಮಾಡಿಗೆ ತಾಗುವ ಕೊಂಬೆಗಳನ್ನು, ಅವುಗಳಲ್ಲಿ ಹಕ್ಕಿಯ ಅಥವಾ ಅಳಿಲಿನ ಗೂಡು ಇಲ್ಲವೆಂದು ನೋಡಿಕೊಂಡು, ಎರಡು ಮೀಟರಿಗೂ ಹೆಚ್ಚು ಅಂತರವಿರುವಂತೆ ಕತ್ತರಿಸಿದರೆ ಜಿಗಿತಕ್ಕೆ ಆಸರೆ ತಪ್ಪುತ್ತದೆ.

ಕೊನೆಯದು ಶುಚಿಗೊಳಿಸುವಿಕೆ. ಹಳೆಯ ಗೂಡಿನಲ್ಲಿ ಚಿಗಟ, ನುಸಿ, ಉಣ್ಣೆಗಳಿರುವ ಸಂಭವವುಂಟು. ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿ, ಕೈಗವಸು ಧರಿಸಿ, ಗೂಡಿಗೆ ನೀರನ್ನು ಚಿಮುಕಿಸಿ ಧೂಳೇಳದಂತೆ ತೆಗೆಯಬೇಕು. ಮಲೆನಾಡಿನವರಿಗೆ ಈ ಎಚ್ಚರ ವಿಶೇಷವಾಗಿ ಅವಶ್ಯಕ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆಗಳು. ಆ ಉಣ್ಣೆಗಳ ಎಳೆಯ ಅವಸ್ಥೆಗಳಿಗೆ ಇಲಿ, ಅಳಿಲಿನಂತಹ ಸಣ್ಣ ಪ್ರಾಣಿಗಳೂ ಆಶ್ರಯವಾಗುತ್ತವೆ. ಕಾಡಂಚಿನ ಮನೆಗಳಲ್ಲಿ ಸತ್ತ ಅಳಿಲನ್ನಾಗಲಿ ಗೂಡನ್ನಾಗಲಿ ಬರಿಗೈಯಿಂದ ಮುಟ್ಟಬಾರದು. ಅಳಿಲುಗಳಲ್ಲಿ ಹುಚ್ಚುನಾಯಿ ರೋಗ ಕಂಡುಬಂದಿರುವುದು ಅತ್ಯಂತ ವಿರಳ. ಆದರೂ ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆ ತೊಳೆದು ವೈದ್ಯರನ್ನು ಕಾಣಬೇಕು. ಎಲ್ಲ ಮುಗಿದ ಮೇಲೆ ಅಟ್ಟದ ತಂತಿಗಳನ್ನು ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು. ಅಳಿಲು ಹೋದರೂ ಅದು ಸುಲಿದ ತಂತಿ ಅಲ್ಲಿಯೇ ಇರುತ್ತದೆ.

ಕೆಳಗೆ ಬಿದ್ದ ಮರಿ

ಅಟ್ಟದಿಂದ ಮರಿಯೊಂದು ಕೆಳಗೆ ಬಿದ್ದರೆ ಮಕ್ಕಳು ಮರುಕದಿಂದ ಅದನ್ನು ಎತ್ತಿ, ಬತ್ತಿಯಿಂದ ಹಸುವಿನ ಹಾಲನ್ನು ಕುಡಿಸಲು ಹವಣಿಸುತ್ತಾರೆ. ಮರಿಯ ಜೀವಕ್ಕೆ ಇದೇ ಕುತ್ತಾಗುವುದುಂಟು. ಹಸುವಿನ ಹಾಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಆತುರದಲ್ಲಿ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಮಾಡಬೇಕಾದುದು ಇಷ್ಟೆ: ರಟ್ಟಿನ ತೆರೆದ ಪೆಟ್ಟಿಗೆಯಲ್ಲಿ ಮೆದು ಬಟ್ಟೆಯನ್ನು ಹಾಸಿ, ಮರಿಯನ್ನು ಅದರಲ್ಲಿಟ್ಟು, ಬಿದ್ದ ಸ್ಥಳಕ್ಕೆ ಆದಷ್ಟು ಹತ್ತಿರದಲ್ಲಿ, ಬಿಸಿಲು ಇರುವೆಗಳಿಲ್ಲದ ಎತ್ತರದಲ್ಲಿ ಇಡಬೇಕು. ಬೆಕ್ಕನ್ನು ಒಳಗೆ ಕೂಡಿಹಾಕಿ, ನಾವು ದೂರ ಸರಿಯಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ತೊರೆದುಬಿಡುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ. ಅದರ ಕೂಗನ್ನು ಕೇಳಿ ತಾಯಿ ಹುಡುಕಿಕೊಂಡು ಬಂದು ಒಯ್ಯುವುದೇ ಹೆಚ್ಚು. ಕತ್ತಲಾದರೂ ಬಾರದಿದ್ದರೆ ಮರಿಯನ್ನು ಬೆಚ್ಚಗಿಟ್ಟು ಪಶುವೈದ್ಯರ ಅಥವಾ ಪ್ರಾಣಿರಕ್ಷಣೆಯ ಕೆಲಸದಲ್ಲಿ ಅನುಭವವುಳ್ಳವರ ನೆರವನ್ನು ಪಡೆಯಬೇಕು.

ಅಟ್ಟದಿಂದ ಹೊರಬಂದ ಅಳಿಲು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಹಳೆಯ ಮರಗಳನ್ನು ಕಡಿದಾಗ ಅವುಗಳ ಪೊಟರೆಗಳೂ ಹೋದವು. ಪೊಟರೆ ಹೋದ ಊರಿನಲ್ಲಿ ಮಾಡಿನ ಸಂದು ಪೊಟರೆಯಾಯಿತು. ಹಿತ್ತಿಲಿನಲ್ಲಿ ಒಂದು ಮಾವನ್ನೋ ಹಲಸನ್ನೋ ಉಳಿಸಿಕೊಂಡ ಮನೆಯವರು, ಅದರ ಕವಲಿನಲ್ಲಿ ಹಲಗೆಯ ಒಂದು ಪೆಟ್ಟಿಗೆಯನ್ನು ಬಿಗಿಯಾಗಿ ಕಟ್ಟಿ, ಎರಡು ಬೆರಳಗಲದ ತೂತನ್ನು ಕೊರೆದುಕೊಟ್ಟರೆ ಅಳಿಲಿಗೆ ಅಟ್ಟದ ಹಂಬಲ ಕಡಮೆಯಾದೀತು. ಈ ಪೆಟ್ಟಿಗೆಯನ್ನು ಅಟ್ಟದ ಕಂಡಿಯನ್ನು ಮುಚ್ಚುವುದಕ್ಕೆ ಕೆಲವು ವಾರಗಳ ಮೊದಲೇ ಕಟ್ಟುವುದು ಮೇಲು. ಹೊರದೂಡಲ್ಪಟ್ಟ ದಿನವೇ ಹೊಸ ಮನೆಯನ್ನು ಹುಡುಕುವುದಕ್ಕಿಂತ, ಮೊದಲೇ ನೋಡಿಟ್ಟ ಮನೆಗೆ ಹೋಗುವುದು ಅಳಿಲಿಗಾದರೂ ಸುಲಭವಲ್ಲವೆ?